ಹಗ್ಗದ ತುದಿಯಲ್ಲೊಂದು ಕಣ್ಣು

ಆಷಾಢದ ಗಾಳಿ ಎದ್ದಿತೆಂದರೆ ನಮ್ಮ ಹೊಸೂರಿನ ಬಯಲುಗಳಲ್ಲಿಯೂ ಮನೆಗಳ ಮಹಡಿಗಳ ಮೇಲೆಯೂ ಗಾಳಿಪಟಗಳ ಸಂಭ್ರಮ. ಕಳೆದ ಆಷಾಢದ ಒಂದು ಸಂಜೆ ಮೊಮ್ಮಗನು ದಾರದುಂಡೆಯನ್ನು ನನ್ನ ಕೈಗಿತ್ತು, ಚುಕ್ಕೆಯಷ್ಟಾಗಿ ಹೋದ ತನ್ನ ಪಟವನ್ನೇ ದಿಟ್ಟಿಸುತ್ತ, “ತಾತ, ಆ ಪಟದ ಮೇಲೆ ಯಾರಾದ್ರೂ ಕೂತಿದ್ರೆ ಅವರಿಗೆ ಬೆಂಗಳೂರು ಕಾಣಿಸ್ತಿತ್ತಾ?” ಎಂದು ಕೇಳಿದನು. “ಹಾಗೆ ಕೂತವರೂ ಇದ್ದರಪ್ಪ, ಅದೂ ನಡುಸಮುದ್ರದಲ್ಲಿ” ಎಂದೆ. ತಾತ ಕಥೆ ಕಟ್ಟುತ್ತಿದ್ದಾನೆಂದು ಅವನ ಮುಖವೇ ಹೇಳುತ್ತಿತ್ತು. ಅವನಿಗೆ ಅಂದು ವಿವರಿಸಿದ ಸಂಗತಿಯನ್ನೇ ಈ ತಿಂಗಳು ವಾಚಕ ಬಂಧುಗಳ ಮುಂದಿಡುತ್ತಿದ್ದೇನೆ.

ಎತ್ತರಕ್ಕೇರಿದರೆ ದೂರ ಕಾಣುತ್ತದೆಂಬುದು ನಮ್ಮ ಸೀಮೆಯವರಿಗೆ ಯಾರೂ ಕಲಿಸಬೇಕಾದ ಪಾಠವಲ್ಲ. ಚಂದ್ರಚೂಡೇಶ್ವರ ಸ್ವಾಮಿಯ ಬೆಟ್ಟವನ್ನು ಹತ್ತಿ ನಿಂತವರು ಊರಾಚೆಯ ಕೆರೆಗಳನ್ನೂ ತೋಪುಗಳನ್ನೂ ಎಣಿಸಿದ್ದಾರೆ. ಕೃಷ್ಣಗಿರಿಯ ಬಂಡೆಯ ಮೇಲೆಯೂ ರಾಯಕೋಟೆಯ ಬೆಟ್ಟದ ಮೇಲೆಯೂ ನಮ್ಮ ಪೂರ್ವಿಕರು ಕೋಟೆಗಳನ್ನು ಕಟ್ಟಿದ್ದು ಗೋಡೆಯ ಬಲವನ್ನಷ್ಟೇ ನಂಬಿ ಅಲ್ಲ. ಕಣಿವೆಯ ದಾರಿಯಲ್ಲಿ ಬರುವ ದಂಡಿನ ಧೂಳು ಮೊದಲು ತಮ್ಮ ಕಣ್ಣಿಗೆ ಬೀಳಲೆಂದು. ೧೭೯೨ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಬಾರಾಮಹಲು ಟಿಪ್ಪುವಿನ ಕೈತಪ್ಪಿ ಕಂಪನಿಯ ವಶವಾದಾಗ, ನೆಲದೊಡನೆ ಈ ಎತ್ತರದ ಕಣ್ಣುಗಳೂ ಕೈಬದಲಾದವು.

ಈ ಮಾತಿಗೆ ಒಂದು ಲೆಕ್ಕವೂ ಉಂಟು. ಭೂಮಿ ಗುಂಡಗಿರುವುದರಿಂದ ನೋಟವು ದಿಗಂತದಲ್ಲಿ ಕಡಿದುಹೋಗುತ್ತದೆ. ಕಣ್ಣಿನ ಎತ್ತರವನ್ನು ಮೀಟರಿನಲ್ಲಿ ಹಿಡಿದು, ಅದರ ವರ್ಗಮೂಲವನ್ನು ೩.೫೭ರಿಂದ ಗುಣಿಸಿದರೆ ದಿಗಂತದ ದೂರ ಕಿಲೋಮೀಟರಿನಲ್ಲಿ ಬರುತ್ತದೆ. ನೀರಿನ ಮಟ್ಟದಿಂದ ೫ ಮೀಟರು ಮೇಲೆ ನಿಂತವನಿಗೆ ಕಾಣುವುದು ೮ ಕಿಲೋಮೀಟರು. ಅಂದರೆ ಹೊಸೂರಿನಿಂದ ಅತ್ತಿಬೆಲೆಯ ಗಡಿಯವರೆಗೆ. ೧೨೦ ಮೀಟರು ಮೇಲೇರಿದವನಿಗೆ ೩೯ ಕಿಲೋಮೀಟರು. ಅಂದರೆ ಹೆಚ್ಚುಕಡಿಮೆ ಹೊಸೂರಿನಿಂದ ಬೆಂಗಳೂರಿನವರೆಗೆ. ದೂರ ಐದು ಪಟ್ಟಿನಷ್ಟಾಯಿತು. ಆದರೆ ಸುತ್ತ ಕಾಣುವ ನೀರಿನ ವಿಸ್ತಾರ ಸುಮಾರು ೨೪ ಪಟ್ಟು ಹೆಚ್ಚಿತು. ಮೊಮ್ಮಗನ ಪ್ರಶ್ನೆ ಅಷ್ಟೇನೂ ಹುಡುಗಾಟದ್ದಲ್ಲವೆಂದು ಇದರಿಂದ ತಿಳಿದೀತು.

ಎರಡನೆಯ ಮಹಾಯುದ್ಧದ ಜರ್ಮನ್ ಜಲಾಂತರ್ಗಾಮಿಗಳಿಗೆ ಇದ್ದ ಕೊರಗು ಇದೇ ಆಗಿತ್ತು. ನೀರಿನೊಳಗೆ ಅಡಗುವ ಈ ಹಡಗುಗಳು ಮೇಲೆ ಬಂದಾಗಲೂ ಅಲೆಗಳಿಗಿಂತ ಸ್ವಲ್ಪವೇ ಎತ್ತರಕ್ಕೆ ತಲೆ ಎತ್ತುತ್ತಿದ್ದವು. ಅಡಗುವುದಕ್ಕೆ ಅದು ಅನುಕೂಲ, ಹುಡುಕುವುದಕ್ಕೆ ಅನನುಕೂಲ. ಅಟ್ಲಾಂಟಿಕ್ ಸಾಗರದ ಉತ್ತರಭಾಗದಲ್ಲಿ ಸರಕು ಹಡಗುಗಳು ಗುಂಪುಗುಂಪಾಗಿ ಸಾಗುತ್ತಿದ್ದವು. ಆದರೆ ಹಿಂದೂ ಮಹಾಸಾಗರದಂತಹ ಅಗಾಧ ಜಲರಾಶಿಯಲ್ಲಿ ಒಂಟಿ ಹಡಗನ್ನು ಎಂಟು ಕಿಲೋಮೀಟರಿನ ಕಣ್ಣಿನಿಂದ ಹುಡುಕುವುದು ಬಣವೆಯಲ್ಲಿ ಸೂಜಿಯನ್ನು ಅರಸಿದಂತೆ. ದೂರಪ್ರಯಾಣದ ದೊಡ್ಡ ಜಲಾಂತರ್ಗಾಮಿಗಳಿಗೆ ಅದಕ್ಕಾಗಿ ಒಂದು ವಿಚಿತ್ರ ಸಾಧನವನ್ನು ಕೊಡಲಾಯಿತು. ಹೆಲಿಕಾಪ್ಟರಿನ ಆದಿಪುರುಷರಲ್ಲಿ ಒಬ್ಬರಾದ ಹೆನ್ರಿಖ್ ಫೋಕೆಯವರ ಫೋಕೆ-ಆಖ್ಗೆಲಿಸ್ ಸಂಸ್ಥೆ ಅದನ್ನು ರೂಪಿಸಿತು. ಫಾ ೩೩೦ ಎಂಬುದು ಅದರ ಸಂಖ್ಯೆ, ‘ಬಾಖ್‌ಷ್ಟೆಲ್ಟ್ಸೆ’ ಎಂಬುದು ಅದರ ಹೆಸರು. ನೀರಿನಂಚಿನಲ್ಲಿ ಸದಾ ಬಾಲವನ್ನು ಮೇಲೆಕೆಳಗೆ ಆಡಿಸುತ್ತ ಓಡಾಡುವ ಪುಟ್ಟ ಹಕ್ಕಿಗೆ ಜರ್ಮನರು ಇಟ್ಟ ಹೆಸರದು. ಮಳೆಗಾಲ ಕಳೆದ ಮೇಲೆ ನಮ್ಮ ಕೆರೆಗಳ ಏರಿಯಲ್ಲಿಯೂ ಆ ಜಾತಿಯ ಹಕ್ಕಿಗಳನ್ನು ಕಾಣಬಹುದು.

ಆ ಯಂತ್ರಕ್ಕೆ ಎಂಜಿನ್ ಇರಲಿಲ್ಲ. ಉಕ್ಕಿನ ಕೊಳವೆಗಳ ಒಂದು ಚೌಕಟ್ಟು, ಮುಂದೆ ಒಬ್ಬನಿಗೆ ಕೂರಲು ಪುಟ್ಟ ಆಸನ, ಹಿಂದೆ ಬಾಲ, ತಲೆಯ ಮೇಲೆ ಮೂರು ಉದ್ದನೆಯ ರೆಕ್ಕೆಗಳ ಒಂದು ಚಕ್ರ, ಇಷ್ಟೇ. ಒಟ್ಟು ತೂಕ ಸುಮಾರು ೭೫ ಕಿಲೋ. ಒಂದು ಮೂಟೆ ಅಕ್ಕಿಯಷ್ಟು. ಎಂಜಿನ್ ಇಲ್ಲದೆ ಚಕ್ರ ತಿರುಗುವುದೆಂತು? ತಾಳೆಗರಿಯ ಗಿರಿಗಿಟ್ಲೆಯನ್ನು ಹಿಡಿದು ಓಡುವ ಮಗುವನ್ನು ನೆನೆಯಿರಿ. ತಿರುಗಿಸುವುದು ಮಗುವಿನ ಕೈಯಲ್ಲ, ಎದುರುಗಾಳಿ. ಈ ಯಂತ್ರದ ಚಕ್ರವು ತುಸು ಹಿಂದಕ್ಕೆ ವಾಲಿರುತ್ತದೆ. ಮುಂದಿನಿಂದ ಬಂದ ಗಾಳಿ ಅದರ ಅಡಿಯಿಂದ ಮೇಲಕ್ಕೆ ನುಗ್ಗಿ ಅದನ್ನು ತಿರುಗಿಸುತ್ತದೆ. ತಿರುಗುವ ರೆಕ್ಕೆಗಳು, ವಿಮಾನದ ರೆಕ್ಕೆಗಳಂತೆಯೇ, ಭಾರವನ್ನು ಎತ್ತಿ ಹಿಡಿಯುತ್ತವೆ. ಸ್ಪೇನ್ ದೇಶದ ಹ್ವಾನ್ ದೆ ಲಾ ಸಿಯೆರ್ವಾ ಎಂಬವರು ೧೯೨೩ರಲ್ಲಿಯೇ ಈ ತತ್ತ್ವದ ವಿಮಾನವನ್ನು ಹಾರಿಸಿ ತೋರಿಸಿದ್ದರು. ಅದನ್ನು ಮುಂದಕ್ಕೆ ಎಳೆಯಲು ಎಂಜಿನ್ ಇತ್ತು; ಇಲ್ಲಿ ಎಳೆಯುವ ಕೆಲಸ ಜಲಾಂತರ್ಗಾಮಿಯದು. ಗಂಟೆಗೆ ಸುಮಾರು ೨೭ ಕಿಲೋಮೀಟರು ವೇಗದ ಎದುರುಗಾಳಿ ಸಿಕ್ಕಿದರೆ ಸಾಕು, ಪಟ ನಿಲ್ಲುತ್ತಿತ್ತು. ಹಡಗು ಗಾಳಿಗೆ ಎದುರಾಗಿ ಓಡಿದರೆ ಅಷ್ಟು ಗಾಳಿ ದೊರೆಯುವುದು ಕಷ್ಟವಲ್ಲ.

ಬಿಚ್ಚಿದ ಭಾಗಗಳನ್ನು ನೀರು ನುಗ್ಗದ ಉದ್ದ ಕೊಳವೆಗಳಲ್ಲಿ ಇಟ್ಟಿರುತ್ತಿದ್ದರು. ಹಡಗು ಮೇಲೆ ಬಂದೊಡನೆ ಅವುಗಳನ್ನು ಹೊರತೆಗೆದು ಕೆಲವೇ ನಿಮಿಷಗಳಲ್ಲಿ ಜೋಡಿಸುತ್ತಿದ್ದರು. ಚಾಲಕನು ದುರ್ಬೀನನ್ನು ಕೊರಳಿಗೆ ಹಾಕಿಕೊಂಡು ಆಸನದಲ್ಲಿ ಕಟ್ಟಿಸಿಕೊಂಡ ಮೇಲೆ, ಚಕ್ರವನ್ನು ತಿರುಗಿಸಿ ಚಾಲನೆ ಕೊಟ್ಟು, ಹಗ್ಗವನ್ನು ಮೆಲ್ಲಮೆಲ್ಲನೆ ಸಡಿಲಿಸುತ್ತಿದ್ದರು. ಸುಮಾರು ೧೫೦ ಮೀಟರಿನ ಹಗ್ಗ, ಸುಮಾರು ೧೨೦ ಮೀಟರಿನ ಎತ್ತರ. ಹಗ್ಗದ ಜೊತೆಗೇ ದೂರವಾಣಿಯ ತಂತಿ. ಮೇಲಿನವನು ಕಂಡುದನ್ನು ಕೆಳಗಿನವರಿಗೆ ಹೇಳುತ್ತಿದ್ದನು. ಹಡಗಿನ ಕೂವೆಮರ, ಹೊಗೆ ದಿಗಂತದಿಂದ ಮೇಲಕ್ಕೆ ಚಾಚಿರುವುದರಿಂದ ಲೆಕ್ಕದ ೩೯ ಕಿಲೋಮೀಟರಿಗಿಂತಲೂ ದೂರದ ಬೇಟೆ ಅವನ ಕಣ್ಣಿಗೆ ಬೀಳುವುದು ಸಾಧ್ಯವಿತ್ತು. ಪ್ಯಾರಿಸ್ಸಿನ ಬಳಿಯ ಷಾಲೆ-ಮ್ಯೂದೊಂ ಎಂಬಲ್ಲಿನ ದೊಡ್ಡ ಗಾಳಿಸುರಂಗದಲ್ಲಿ ಹುಡುಗರಿಗೆ ಇದರ ತರಬೇತಿ ಕೊಡಲಾಗಿತ್ತು. ಇಂತಹ ಯಂತ್ರಗಳು ಸುಮಾರು ೨೦೦ ತಯಾರಾದವು.

ಇಷ್ಟು ಶ್ರಮದ ಫಲವೇನು? ೧೯೪೩ರ ಆಗಸ್ಟ್ ಮೊದಲ ವಾರದಲ್ಲಿ, ಮಡಗಾಸ್ಕರ್ ದ್ವೀಪದ ಕಡೆಯ ಕಡಲಿನಲ್ಲಿ, ಯು-೧೭೭ ಎಂಬ ಜಲಾಂತರ್ಗಾಮಿಯು ಪಟದ ಮೇಲಿನವನ ಮಾತನ್ನು ಹಿಡಿದು ‘ಎಫ್ತಾಲಿಯಾ ಮಾರಿ’ ಎಂಬ ಗ್ರೀಕ್ ಉಗಿಹಡಗನ್ನು ಬೆನ್ನಟ್ಟಿ ಮುಳುಗಿಸಿತು. ಈ ಯಂತ್ರದ ಕಣ್ಣಿಗೆ ಬಿದ್ದು ಮುಳುಗಿತೆಂದು ಹೆಸರಿಸಲಾಗುವ ಹಡಗು ಅದೊಂದೇ. ಇನ್ನೂರು ಯಂತ್ರಗಳಿಗೆ ಒಂದು ಹಡಗು!

ಇಲ್ಲಿಯವರೆಗೆ ಹೇಳುವಷ್ಟರಲ್ಲಿ ಮೊಮ್ಮಗನು ದಾರವನ್ನು ಮರೆತು ಕುಳಿತಿದ್ದನು. ಆಮೇಲೆ ಅವನು ಕೇಳಿದ ಪ್ರಶ್ನೆಯೇ ಈ ಕಥೆಯ ತಿರುಳು: “ತಾತ, ಶತ್ರು ವಿಮಾನ ಬಂದುಬಿಟ್ಟರೆ ಹಡಗು ಮುಳುಗಬೇಕಲ್ಲ? ಆಗ ಮೇಲಿರೋನು?”

ಜಲಾಂತರ್ಗಾಮಿಯ ಪ್ರಾಣವೆಲ್ಲ ಇರುವುದು ತಟಕ್ಕನೆ ಮುಳುಗುವುದರಲ್ಲಿ. ವಿಮಾನ ಕಂಡ ಮೇಲೆ ಅದಕ್ಕೆ ದೊರೆಯುವುದು ನಿಮಿಷಗಳಲ್ಲ, ಕ್ಷಣಗಳು. ಪಟವನ್ನು ಸೆಳೆದು ಇಳಿಸಿ, ಬಿಚ್ಚಿ, ಕೊಳವೆಯಲ್ಲಿ ತುಂಬುವುದಕ್ಕೆ ಆ ಹೊತ್ತು ಸಾಲದು. ಅದಕ್ಕಾಗಿ ಇನ್ನೊಂದು ಉಪಾಯವನ್ನು ಮಾಡಿಟ್ಟಿದ್ದರು. ಚಾಲಕನು ತಲೆಯ ಮೇಲಿನ ಒಂದು ಹಿಡಿಯನ್ನು ಎಳೆದರೆ ಹಗ್ಗವೂ ಕಳಚುವುದು, ತಿರುಗುವ ಚಕ್ರವೂ ಕಳಚಿ ಮೇಲಕ್ಕೆ ಹಾರುವುದು. ಹಾರುವಾಗ ಅದು ಪ್ಯಾರಾಚೂಟನ್ನು ಹೊರಗೆ ಎಳೆದು ಬಿಚ್ಚುವುದು. ಆತನು ನಡುಪಟ್ಟಿಯನ್ನು ಬಿಚ್ಚಿ ಚೌಕಟ್ಟನ್ನು ಕೆಡವಿ, ಒಬ್ಬನೇ ಕಡಲಿಗೆ ಇಳಿಯುವನು. ಅಷ್ಟರಲ್ಲಿ ಹಡಗು ನೀರಿನೊಳಗೆ ಮಾಯವಾಗಿರುವುದು. ಅಪಾಯ ಕಳೆದು ಅದು ಮೇಲೆ ಬಂದರೆ, ಬಂದಾಗ ಇವನು ಅಲೆಗಳ ನಡುವೆ ಕಂಡರೆ, ಎತ್ತಿಕೊಂಡಾರು. ಯಂತ್ರವನ್ನು ರೂಪಿಸಿದವರು ಜಾಣರೇ. ಆದರೆ ಆ ಎರಡು ‘ರೆ’ಗಳಿಗೆ ಮಾತ್ರ ಅವರ ಬಳಿ ಯಾವ ಹಿಡಿಯೂ ಇರಲಿಲ್ಲ.

ಇನ್ನೊಂದು ಮುಖವೂ ಉಂಟು. ನೋಡಲು ಮೇಲೇರಿದವನು ಕಾಣಿಸಿಕೊಳ್ಳುತ್ತಾನೆ. ಆಕಾಶದಲ್ಲಿ ತಿರುಗುವ ಚಕ್ರ ರೇಡಾರಿನ ಕಣ್ಣಿಗೆ ಸುಲಭದ ಗುರಿ. ಉತ್ತರ ಅಟ್ಲಾಂಟಿಕ್‌ನಲ್ಲಿ ಮಿತ್ರರಾಷ್ಟ್ರಗಳ ವಿಮಾನಗಳು ದಟ್ಟವಾಗಿದ್ದುದರಿಂದ ಅಲ್ಲಿ ಈ ಪಟಕ್ಕೆ ಅವಕಾಶವೇ ಇಲ್ಲವಾಯಿತು. ವಿಮಾನಗಳು ವಿರಳವಾದ ದಕ್ಷಿಣದ ಕಡಲುಗಳೇ ಅದಕ್ಕೆ ಗತಿಯಾದವು.

ಕಾಣಿಸಿಕೊಳ್ಳುವ ಭಯವು ಮನುಷ್ಯನನ್ನು ಎಲ್ಲಿಗೆ ಒಯ್ಯಬಲ್ಲದೆಂಬುದಕ್ಕೆ ಇಂತಹದೇ ಪಟವನ್ನು ಹೊತ್ತ ಯು-೮೫೨ರ ಕಥೆ ಸಾಕ್ಷಿ. ೧೯೪೪ರ ಮಾರ್ಚ್ ೧೩ರಂದು ಅದು ದಕ್ಷಿಣ ಅಟ್ಲಾಂಟಿಕ್‌ನಲ್ಲಿ ‘ಪೆಲೆಯಸ್’ ಎಂಬ ಗ್ರೀಕ್ ಹಡಗನ್ನು ಮುಳುಗಿಸಿತು. ತೇಲುವ ಅವಶೇಷಗಳು ಗಸ್ತಿನ ವಿಮಾನಗಳಿಗೆ ತನ್ನ ಸುಳಿವು ಕೊಟ್ಟಾವೆಂದು ಅಂಜಿದ ಕಪ್ತಾನ ಹೈನ್ಸ್ ಎಕ್, ಅವುಗಳ ಮೇಲೆ ಗುಂಡು ಹಾರಿಸಲು ಅಪ್ಪಣೆ ಮಾಡಿದನು. ಆ ಹಲಗೆಗಳನ್ನು ಮನುಷ್ಯರು ಹಿಡಿದುಕೊಂಡಿದ್ದರು. ಒಂದು ತಿಂಗಳಿಗೂ ಹೆಚ್ಚು ಕಾಲ ತೇಲಿ ಬದುಕಿ ಬಂದವರು ಮೂವರು ಮಾತ್ರ. ಸುಳಿವನ್ನು ಅಳಿಸಿಯೂ ಎಕ್ ತಪ್ಪಿಸಿಕೊಳ್ಳಲಿಲ್ಲ. ಆಫ್ರಿಕದ ತುದಿಯನ್ನು ಬಳಸಿ ನಮ್ಮ ಕಡೆಯ ಕಡಲಿಗೆ ಬಂದ ಆ ಹಡಗನ್ನು ಮೇ ೨ರಂದು ಏಡನ್ನಿನ ಬ್ರಿಟಿಷ್ ವಿಮಾನಗಳು ಗಾಯಗೊಳಿಸಿದವು. ಮರುದಿನ ಅದು ಸೊಮಾಲಿಯದ ತೀರದಲ್ಲಿ ನೆಲಕಚ್ಚಿತು. ಅದರ ಪಟವೂ ಬ್ರಿಟಿಷರ ಕೈಸೇರಿತು. ೧೯೪೫ರ ಅಕ್ಟೋಬರಿನಲ್ಲಿ ಹ್ಯಾಂಬರ್ಗ್ ನಗರದಲ್ಲಿ ವಿಚಾರಣೆ ನಡೆದು, ನವೆಂಬರ್ ೩೦ರಂದು ಎಕ್ ಮತ್ತು ಅವನ ಇಬ್ಬರು ಅಧಿಕಾರಿಗಳು ಮರಣದಂಡನೆಗೆ ಗುರಿಯಾದರು.

ಇದೆಲ್ಲ ಎಲ್ಲಿಯೋ ಕಡಲಿನ ಮಾತು, ನಮ್ಮ ಒಳನಾಡಿಗೇನು ಎಂದೀರಿ. ಮೊದಲ ಮಹಾಯುದ್ಧದಲ್ಲಿ, ೧೯೧೪ರ ಸೆಪ್ಟೆಂಬರಿನ ಒಂದು ರಾತ್ರಿ, ಎಮ್ಡನ್ ಎಂಬ ಜರ್ಮನ್ ಯುದ್ಧನೌಕೆ ಮದರಾಸಿನ ಮೇಲೆ ಗುಂಡು ಸುರಿಸಿತಷ್ಟೆ. ಚತುರನನ್ನು ‘ಎಮ್ಡನ್’ ಎಂದು ಕರೆಯುವ ರೂಢಿ ನಮ್ಮ ತಮಿಳು ಬಾಂಧವರಲ್ಲಿ ಅಂದಿನಿಂದ ಬಂದಿತು. ಎರಡನೆಯ ಯುದ್ಧದಲ್ಲಂತೂ ಕಡಲು ನಮಗೆ ಇನ್ನೂ ಸಮೀಪಕ್ಕೆ ಬಂದಿತ್ತು. ವಾಲ್‌ಚಂದ್ ಹೀರಾಚಂದರು ಮೈಸೂರು ಸರ್ಕಾರದ ನೆರವಿನಿಂದ ೧೯೪೦ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಾರ್ಖಾನೆ, ೧೯೪೩ರಿಂದ ಅಮೆರಿಕದ ವಾಯುದಳದ ಆಡಳಿತದಲ್ಲಿ ಮಿತ್ರರಾಷ್ಟ್ರಗಳ ವಿಮಾನಗಳ ದುರಸ್ತಿಯ ದೊಡ್ಡ ಕೇಂದ್ರವಾಯಿತು. ಅಲ್ಲಿಗೆ ಬರುತ್ತಿದ್ದವುಗಳಲ್ಲಿ ಕಟಾಲಿನಾ ಎಂಬ ನೀರಿನ ಮೇಲಿಳಿಯುವ ವಿಮಾನಗಳೂ ಇದ್ದವು. ಜಲಾಂತರ್ಗಾಮಿಗಳನ್ನು ಹುಡುಕುತ್ತ ಹದಿನೈದು ಗಂಟೆಗೂ ಹೆಚ್ಚು ಹೊತ್ತು ಕಡಲ ಮೇಲೆ ಸುತ್ತಬಲ್ಲ ವಿಮಾನಗಳವು. ಮದರಾಸಿನ ಬಳಿಯ ರೆಡ್‌ಹಿಲ್ಸ್ ಕೆರೆ ಅವುಗಳ ನೆಲೆಗಳಲ್ಲಿ ಒಂದು. ದುರಸ್ತಿಗೆಂದು ಬೆಂಗಳೂರಿಗೆ ಬಂದಾಗ ಅವು ಇಳಿಯುತ್ತಿದ್ದುದು ಬೆಳ್ಳಂದೂರು ಕೆರೆಯಲ್ಲಿ.

ಹೀಗೆ, ಪಟದ ಮೇಲಿನವನು ಯಾವುದಕ್ಕೆ ಅಂಜಿ ಆಕಾಶವನ್ನು ನೋಡುತ್ತಿದ್ದನೋ ಅಂತಹ ವಿಮಾನಗಳನ್ನು ಸರಿಪಡಿಸಿ ಕಳುಹಿಸಿದ ಕೈಗಳು ನಮ್ಮ ನೆರೆಯವು. ಬೆಳ್ಳಂದೂರಿನ ನೀರು ವರ್ತೂರು ಕೆರೆಯನ್ನು ಹಾಯ್ದು ದಕ್ಷಿಣ ಪಿನಾಕಿನಿಯನ್ನು ಸೇರಿ, ಗಡಿಯನ್ನು ದಾಟಿ ನಮ್ಮ ಕೆಲವರಪಳ್ಳಿಯ ಅಣೆಕಟ್ಟಿಗೂ ಅಲ್ಲಿಂದ ಕೃಷ್ಣಗಿರಿಯ ಅಣೆಕಟ್ಟಿಗೂ ಬರುತ್ತದೆ. ಆ ನೀರು ಈಗ ನೊರೆಯನ್ನು ಹೊತ್ತು ಬರುವ ದುಃಖವನ್ನು ಇನ್ನೊಮ್ಮೆ ಹೇಳಿಕೊಳ್ಳೋಣ.

ಈ ಕಥೆಯಲ್ಲಿ ನನ್ನ ಮನಸ್ಸನ್ನು ಹಿಡಿದದ್ದು ಯಂತ್ರದ ಚಮತ್ಕಾರವಲ್ಲ. ಇಂದು ಅಂಗೈಯಗಲದ ಡ್ರೋನ್ ಆ ಕೆಲಸವನ್ನು ಮನುಷ್ಯನಿಲ್ಲದೆಯೇ ಮಾಡೀತು. ಅಂದು ಮೇಲೇರಿದವನು ಇಪ್ಪತ್ತರ ಆಚೀಚೆಯ ಯಾವುದೋ ತಾಯಿಯ ಮಗ. ತನ್ನ ಕಣ್ಣನ್ನು ಕೆಳಗಿನವರಿಗೆ ಕೊಟ್ಟು, ತನ್ನ ಪ್ರಾಣವನ್ನು ಅವರ ಕೈಯ ಹಗ್ಗಕ್ಕೆ ಕಟ್ಟಿದ್ದನು. ಅವನು ಯಾರ ಪಕ್ಷದವನು, ಅವನ ಕಣ್ಣು ಯಾವ ಪಾಪಕ್ಕೆ ಬಳಕೆಯಾಯಿತು ಎಂಬುದು ಬೇರೆ ಮಾತು. ಆ ಪಾಪ ಸಣ್ಣದೂ ಅಲ್ಲ. ಆದರೆ ಒಬ್ಬನನ್ನು ಎತ್ತರಕ್ಕೆ ಕಳುಹಿಸಿ ಅವನ ನೋಟದಿಂದ ಪ್ರಯೋಜನ ಪಡೆಯುವವರು, ಆಪತ್ತು ಬಂದಾಗ ಮೊದಲು ಕತ್ತರಿಸುವುದು ಅವನ ಹಗ್ಗವನ್ನೇ ಎಂದಾದರೆ, ಆ ಏರ್ಪಾಡಿನಲ್ಲಿಯೇ ದೋಷವಿದೆ. ಮನೆಯಿಂದ ಒಬ್ಬನನ್ನು ದೂರದ ದುಡಿಮೆಗೆ ಕಳುಹಿಸಿ ಅವನ ಗಳಿಕೆಯಲ್ಲಿ ಉಣ್ಣುವ ಸಂಸಾರಗಳಿಗೂ ಈ ಮಾತು ಸಲ್ಲುತ್ತದೆ.

ಕತ್ತಲಾಗುತ್ತ ಬಂದಿತ್ತು. ದಾರವನ್ನು ಕಿತ್ತು ಪಟವನ್ನು ಗಾಳಿಗೆ ಬಿಟ್ಟುಬಿಡುವುದು ಮೊಮ್ಮಗನ ದಿನದ ವಾಡಿಕೆ. ಅಂದು ಹಾಗೆ ಮಾಡಲಿಲ್ಲ. ನನ್ನ ಕೈಯಿಂದ ದಾರದುಂಡೆಯನ್ನು ತೆಗೆದುಕೊಂಡು, ಪಟವು ಮಹಡಿಯ ಮೇಲೆ ಬಂದಿಳಿಯುವ ತನಕ ಅವನು ನಿಧಾನವಾಗಿ ಸುತ್ತುತ್ತಲೇ ಇದ್ದನು.