ಕಂಡದ್ದನ್ನೇ ಬರೆಯಿರಿ

ಮಕ್ಕಳೇ, ಆರತಿ ತಟ್ಟೆಯ ಕೆಂಪು ನೀರನ್ನು ನೀವು ನೋಡಿರುತ್ತೀರಿ. ಅದಕ್ಕೆ ಕುಂಕುಮವನ್ನೇ ಹಾಕಬೇಕೆಂದಿಲ್ಲ. ಅರಿಶಿನದ ನೀರಿಗೆ ಎಲೆಅಡಿಕೆಯ ಸುಣ್ಣ ಚಿಟಿಕೆಯಷ್ಟು ಬೆರೆಸಿದರೆ ಸಾಕು, ಹಳದಿ ನೀರು ಕೆಂಪಾಗುತ್ತದೆ. ಅದಕ್ಕೆ ನಿಂಬೆರಸ ಹಿಂಡುತ್ತಾ ಹೋದರೆ ಮತ್ತೆ ಹಳದಿ! ಇದು ಪವಾಡವಲ್ಲ. ಅರಿಶಿನದಲ್ಲಿ ಕರ್ಕ್ಯುಮಿನ್ ಎಂಬ ವಸ್ತುವಿದೆ. ಅದು ಆಮ್ಲದಲ್ಲಿ ಹಳದಿಯಾಗಿಯೇ ಇರುತ್ತದೆ, ಪ್ರತ್ಯಾಮ್ಲದಲ್ಲಿ ಕೆಂಪಾಗುತ್ತದೆ. ಹೀಗೆ ಬಣ್ಣ ಬದಲಿಸಿ ಸುಳಿವು ಕೊಡುವ ವಸ್ತುವೇ ಸೂಚಕ.

ಒಮ್ಮೆ ಒಂದು ಶಾಲೆಯಲ್ಲಿ ಏಳನೇ ತರಗತಿಯ ಮಕ್ಕಳು ಮನೆಯಿಂದ ತಂದ ವಸ್ತುಗಳನ್ನು ಅರಿಶಿನದ ಕಾಗದದಿಂದ ಪರೀಕ್ಷಿಸುತ್ತಿದ್ದರು. ಬಟ್ಟೆ ಸೋಪಿನ ನೀರು ಬಿದ್ದ ಕಾಗದ ಕೆಂಪಾಯಿತು. ಒಬ್ಬ ಹುಡುಗಿ ತಂದ ಶಾಂಪೂ ಬಿದ್ದ ಕಾಗದ ಮಾತ್ರ ಹಳದಿಯಾಗಿಯೇ ಉಳಿಯಿತು. "ಶಾಂಪೂನೂ ಸೋಪೇ ಅಲ್ವೇನೇ? ಕೆಂಪಾಗಲೇಬೇಕು" ಎಂದು ಪಕ್ಕದವರು ನಕ್ಕರು. ಅವಳು 'ಹಳದಿ' ಎಂದು ಬರೆದಿದ್ದನ್ನು ರಬ್ಬರಿನಿಂದ ಅಳಿಸಿ 'ಕೆಂಪು' ಎಂದು ಬರೆದಳು. ನಾನೂ ಅವಸರದಲ್ಲಿ ಸರಿ ಗುರುತು ಹಾಕಿದೆ. ಪಕ್ಕದಲ್ಲೇ ಅಂಟಿಸಿದ್ದ ಹಳದಿ ಕಾಗದ ಆಮೇಲೆ ಕಣ್ಣಿಗೆ ಬಿತ್ತು. ನನಗೇ ನಾಚಿಕೆಯಾಯಿತು.

ಅವಳು ಮೊದಲು ಬರೆದದ್ದೇ ಸರಿ. ಶಾಂಪೂ ಸೋಪಲ್ಲ. ಸಾಮಾನ್ಯವಾಗಿ ಅದನ್ನು ತುಸು ಆಮ್ಲೀಯವಾಗಿ ಅಥವಾ ತಟಸ್ಥಕ್ಕೆ ಹತ್ತಿರವಾಗಿ ತಯಾರಿಸುತ್ತಾರೆ. ಅಳಿಸದೇ ಇದ್ದಿದ್ದರೆ, "ಏಕೆ ಕೆಂಪಾಗಲಿಲ್ಲ?" ಎಂಬ ಒಳ್ಳೆಯ ಪ್ರಶ್ನೆ ಅಂದು ಇಡೀ ತರಗತಿಗೆ ಸಿಗುತ್ತಿತ್ತು.

ವಯೊಲೆಟ್ ಹೂವಿನ ಪಾಕ ಆಮ್ಲದಿಂದ ಕೆಂಪಾಗುತ್ತದೆ, ಕ್ಷಾರದಿಂದ ಹಸಿರಾಗುತ್ತದೆ ಎಂದು ರಾಬರ್ಟ್ ಬಾಯ್ಲ್ 1664ರಲ್ಲಿ ಪ್ರಕಟವಾದ ತನ್ನ ಪುಸ್ತಕದಲ್ಲಿ ಬರೆದ. ಮಾಡಿ ನೋಡಿ, ಕಂಡದ್ದನ್ನು ಬರೆದಿಟ್ಟ. ವಿಜ್ಞಾನ ಬೆಳೆದದ್ದೇ ಹಾಗೆ.

ನೀವೂ ಮಾಡಿ ನೋಡಿ. ಅರಿಶಿನಪುಡಿಯನ್ನು ನೀರಿನಲ್ಲಿ ಗಟ್ಟಿಯಾಗಿ ಕಲಸಿ ಬಿಳಿ ಕಾಗದಕ್ಕೆ ಸವರಿ, ನೆರಳಲ್ಲಿ ಒಣಗಿಸಿ ಪಟ್ಟಿಗಳಾಗಿ ಕತ್ತರಿಸಿ. ಸೋಪಿನ ನೀರು, ಶಾಂಪೂ, ಮಜ್ಜಿಗೆ, ಹುಣಸೆರಸ, ಸಾದಾ ನೀರು ಇವುಗಳ ಒಂದೊಂದು ಹನಿ ಹಾಕಿ. ಸುಣ್ಣವನ್ನು ದೊಡ್ಡವರು ಜೊತೆಗಿದ್ದಾಗ ಮಾತ್ರ ಬಳಸಿ, ಕಣ್ಣಿಗೆ ತಾಗದಂತೆ ಎಚ್ಚರವಹಿಸಿ. ಒಂದು ಮಾತು ನೆನಪಿರಲಿ: ಕಾಗದ ಹಳದಿಯಾಗಿ ಉಳಿದರೆ ಅದು ಆಮ್ಲವೆಂದು ಬರೆಯಬೇಡಿ. ಸಾದಾ ನೀರಿನಲ್ಲೂ ಅದು ಹಳದಿಯೇ! ಆಮ್ಲವನ್ನು ಗುರುತಿಸಲು ಲಿಟ್ಮಸ್‌ನಂತಹ ಬೇರೆ ಸೂಚಕ ಬೇಕು.

ಫಲಿತಾಂಶ ಪುಸ್ತಕಕ್ಕಿಂತ ಬೇರೆಯಾಗಿದೆಯೇ? ಇನ್ನೊಮ್ಮೆ ಮಾಡಿ. ಆಗಲೂ ಹಾಗೇ ಬಂದರೆ ಅಳಿಸಬೇಡಿ, ನಿಮ್ಮ ಶಿಕ್ಷಕರಿಗೆ ತೋರಿಸಿ. ಶಿಕ್ಷಕ ಮಿತ್ರರೇ, ಅಂಕ ಕೊಡುವ ಮೊದಲು ನಾವೂ ಆ ಕಾಗದವನ್ನೊಮ್ಮೆ ನೋಡೋಣ.