ಪೀಡೆ ಎಂದವರು ಯಾರು?

ಮುಂಗಾರಿನ ಆರಂಭದಲ್ಲಿ ತೇಗದ ನೆಡುತೋಪು ಚಿಗುರುತ್ತಲೇ ಎಲೆಗಳು ಮಾಯವಾಗಿ ದಪ್ಪ ನರಗಳಷ್ಟೇ ಉಳಿಯುವುದುಂಟು. ತಿಂದದ್ದು ಹೈಬ್ಲಿಯಾ ಪ್ಯೂರ ಎಂಬ ಪುಟ್ಟ ಪತಂಗದ ಮರಿಹುಳು. ಒಡನೆಯೇ ವಿಷ ಸಿಂಪಡಿಸಬೇಕೆಂಬ ಕೂಗು ಏಳುತ್ತದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವ ವಿವೇಕವಿದು.

ಈ ಪತಂಗ ತೇಗವನ್ನು ಕೊಲ್ಲುವುದಿಲ್ಲ. ಕೆಲವೇ ವಾರಗಳಲ್ಲಿ ಮರ ಮತ್ತೆ ಚಿಗುರುತ್ತದೆ. ಹಾಗಾದರೆ ನಷ್ಟ ಯಾರಿಗೆ? ಕೇರಳ ಅರಣ್ಯ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು 1985ರಲ್ಲಿ ವರದಿ ಮಾಡಿದಂತೆ, ನಿಲಂಬೂರಿನ ಎಳೆಯ ನೆಡುತೋಪುಗಳಲ್ಲಿ ಬೆಳೆಯಬಹುದಾಗಿದ್ದ ಮರಮುಟ್ಟಿನ ಶೇ. 44ರಷ್ಟು ಈ ಹುಳುವಿನಿಂದ ಕೈತಪ್ಪಿತು. ನಷ್ಟ ಸುಳ್ಳಲ್ಲ, ಆದರೆ ಅದು ಘನ ಮೀಟರಿನ ನಷ್ಟ, ಕಾಡಿನದಲ್ಲ. ಕಾಡಿನಲ್ಲಿ ಹುಳು ಹಕ್ಕಿಗೆ ಆಹಾರ, ಅದರ ಹಿಕ್ಕೆ ಮಣ್ಣಿಗೆ ಗೊಬ್ಬರ. ಮತ್ತಿ, ಹೊನ್ನೆ, ಬೀಟೆಗಳ ಬೆರಕೆ ಕಾಡಿನಲ್ಲಿ ತೇಗ ಬರಿದಾದರೂ ನೆರಳು ಬರಿದಾಗದು. ಒಂದೇ ಜಾತಿಯ ಮರ ನಿಲ್ಲಿಸಿದಲ್ಲಿ ಇಡೀ ಗುಡ್ಡವೇ ಬೋಳಾಗುತ್ತದೆ.

ತಿತಿಮತಿ, ನಾಗರಹೊಳೆಯ ನೆಡುತೋಪುಗಳಿಗೆ ವಿಷ ಬಿದ್ದರೆ ಅದು ಮಳೆನೀರಿನೊಡನೆ ಹಳ್ಳಕೊಳ್ಳಗಳಿಗೆ ಇಳಿಯುತ್ತದೆ. ಕೊಡಗಿನ ಜೇನನ್ನೂ ಕೊಲ್ಲುತ್ತದೆ. ಕಾಡಿನ ಆದಾಯಕ್ಕಿಂತ ಪರಿಸರದ ಸಮತೋಲನವೇ ಮೊದಲೆಂದು 1988ರ ರಾಷ್ಟ್ರೀಯ ಅರಣ್ಯ ನೀತಿಯೇ ಸಾರಿದೆ. ಆ ಮಾತಿಗೆ ಬೆಲೆಯಿದ್ದರೆ, ಮಡಿಕೇರಿಯಲ್ಲಿ ಕುಳಿತು ಯೋಜನೆ ಬರೆಯುವವರು ವಿಷದ ಮಾತು ಬಿಟ್ಟು, ತೇಗದ ಸಾಲುಗಳ ನಡುವೆ ನಾಡಮರಗಳು ತಾವಾಗಿ ಏಳಲು ಬಿಡಲಿ. ಈ ನೆಡುತೋಪುಗಳ ನೆರೆಯ ಗ್ರಾಮಸಭೆಗಳೂ ವಿದ್ಯಾರ್ಥಿ ಸಂಘಗಳೂ ಮುಂದಿನ ಮುಂಗಾರಿಗೆ ಮುನ್ನವೇ ಇದನ್ನು ಲಿಖಿತವಾಗಿ ಕೇಳಬೇಕು.