ಟ್ಯಾಂಕ್ ಬೇಡವೆನ್ನುವವರಿಗೆ ಶ್ರೀರಂಗಪಟ್ಟಣದ ಉತ್ತರ

ಡ್ರೋನ್ ಬಂದ ಮೇಲೆ ಟ್ಯಾಂಕಿಗೆ ಕೆಲಸವಿಲ್ಲ ಎಂಬ ವಾದ 2022ರಲ್ಲಿ ಉಕ್ರೇನ್ ಯುದ್ಧ ಶುರುವಾದಾಗಿನಿಂದ ಜೋರಾಗಿದೆ. ನಮ್ಮ ಕಡೆಯವರು ಅದಕ್ಕೆ ಶ್ರೀರಂಗಪಟ್ಟಣದ ಸಾಕ್ಷಿಯನ್ನೂ ಸೇರಿಸುತ್ತಾರೆ: ಹಗುರವಾದ ರಾಕೆಟ್ಟುಗಳಿಂದಲೇ ಟಿಪ್ಪು ಈಸ್ಟ್ ಇಂಡಿಯಾ ಕಂಪನಿಯ ಸೈನ್ಯವನ್ನು ನಡುಗಿಸಲಿಲ್ಲವೇ? ನಡುಗಿಸಿದ್ದು ನಿಜ. ಆದರೆ ಕಥೆಯನ್ನು ಅರ್ಧಕ್ಕೇ ನಿಲ್ಲಿಸಬಾರದು.

1799ರ ಏಪ್ರಿಲ್ 5ರ ರಾತ್ರಿ ಶ್ರೀರಂಗಪಟ್ಟಣದ ಬಳಿಯ ಸುಲ್ತಾನ್‌ಪೇಟೆ ತೋಪಿಗೆ ನುಗ್ಗಿದ ಕಂಪನಿ ಕಡೆಯ ಆರ್ಥರ್ ವೆಲ್ಲೆಸ್ಲಿಯ ಪಡೆ ರಾಕೆಟ್, ಬಂದೂಕುಗಳ ಹೊಡೆತಕ್ಕೆ ಸಿಕ್ಕಿ ಕತ್ತಲಲ್ಲಿ ದಿಕ್ಕೆಟ್ಟು ಹಿಮ್ಮೆಟ್ಟಿತು. ಮರುದಿನ ಬೆಳಕಿನಲ್ಲಿ ಫಿರಂಗಿಗಳೊಂದಿಗೆ ಬಂದು ಅದೇ ತೋಪನ್ನು ಹಿಡಿಯಿತು. ಮೇ ತಿಂಗಳ ಹೊತ್ತಿಗೆ ಭಾರೀ ಫಿರಂಗಿಗಳು ಕೋಟೆಗೋಡೆಯನ್ನು ಒಡೆದಿದ್ದವು. ಮೇ 4ರ ಮಧ್ಯಾಹ್ನ ಆ ಕಂಡಿಯಿಂದಲೇ ಶತ್ರು ಒಳನುಗ್ಗಿದ, ಟಿಪ್ಪು ಹೋರಾಡುತ್ತಲೇ ಮಡಿದ. ರಾಕೆಟ್ ಒಂದು ರಾತ್ರಿ ತಡೆಯಿತು. ನೆಲ ಯಾರದೆಂದು ತೀರ್ಮಾನಿಸಿದ್ದು ಗೋಡೆಯ ಹತ್ತಿರಕ್ಕೆ ಬಂದ ಫಿರಂಗಿ ಮತ್ತು ಅದರ ಹಿಂದಿದ್ದ ಕಾಲಾಳು. ಇವೆರಡನ್ನೂ ಗುಂಡಿನ ಮಳೆಯಲ್ಲಿ ಮುಂದೊಯ್ಯುವುದೇ ಇಂದು ಟ್ಯಾಂಕಿನ, ಉಕ್ಕಿನ ಕವಚದ ವಾಹನಗಳ ಕೆಲಸ.

ಭಾರದ ಯಂತ್ರ ಇಂಧನವಿಲ್ಲದೆ ದಾರಿಯಲ್ಲೇ ನಿಲ್ಲುತ್ತದೆ ಎನ್ನುತ್ತಾರೆ. ಎದುರಾಳಿಗಳ ವಾದಗಳಲ್ಲಿ ಇದೇ ಗಟ್ಟಿಯದು. ಅದಕ್ಕೂ ಶ್ರೀರಂಗಪಟ್ಟಣದಲ್ಲೇ ಸಾಕ್ಷಿಯಿದೆ. 1791ರ ಮೇ ತಿಂಗಳಲ್ಲಿ ಅರಕೆರೆಯ ಬಳಿ ಗೆದ್ದ ಕಂಪನಿ ಸೇನಾಪತಿ ಕಾರ್ನ್‌ವಾಲಿಸ್, ಎತ್ತುಗಳು ಸತ್ತು, ದವಸ ಮುಗಿದು, ಕನ್ನಂಬಾಡಿಯ ಹತ್ತಿರ ತನ್ನ ಮುತ್ತಿಗೆ ಫಿರಂಗಿಗಳನ್ನು ತಾನೇ ನಾಶಮಾಡಿ ಹಿಂದಿರುಗಿದ. ಹಾಗೆಂದು ಅವನು ಫಿರಂಗಿಯನ್ನು ಕೈಬಿಡಲಿಲ್ಲ, ಸರಬರಾಜನ್ನು ಸರಿಪಡಿಸಿದ. ಲಂಬಾಣಿಗಳ ಎತ್ತುಗಳ ಮೇಲೆ ದವಸ ಹೇರಿಸಿಕೊಂಡು 1792ರ ಫೆಬ್ರವರಿಯಲ್ಲಿ ಶ್ರೀರಂಗಪಟ್ಟಣಕ್ಕೆ ಮರಳಿ ಬಂದ. ಟಿಪ್ಪು ಅರ್ಧ ರಾಜ್ಯ ಬಿಟ್ಟುಕೊಡಬೇಕಾಯಿತು. ಹೈದರ್, ಟಿಪ್ಪು ಇಬ್ಬರೂ ಅಮೃತಮಹಲ್ ತಳಿಯನ್ನು ಅಷ್ಟು ಜತನ ಮಾಡಿದ್ದು ಫಿರಂಗಿ, ಸರಂಜಾಮು ಎಳೆಯುವುದರ ಬೆಲೆ ಗೊತ್ತಿದ್ದರಿಂದ.

ಹಿಮಾಲಯದಲ್ಲಿ ಟ್ಯಾಂಕ್ ಏನು ಮಾಡೀತು ಎಂಬ ಪ್ರಶ್ನೆಗೆ ಕೊಡಗಿನ ಸೇನಾನಿ ತಿಮ್ಮಯ್ಯನವರು ಎಂದೋ ಉತ್ತರ ಕೊಟ್ಟಿದ್ದಾರೆ. ಕಾಶ್ಮೀರ ಯುದ್ಧದಲ್ಲಿ, 1948ರ ನವೆಂಬರ್ 1ರಂದು, ಜೋಜಿಲಾ ಕಣಿವೆಗೆ ಸ್ಟುವರ್ಟ್ ಟ್ಯಾಂಕುಗಳನ್ನು ಹತ್ತಿಸಿ, ತಾವೂ ಒಂದು ಟ್ಯಾಂಕಿನಲ್ಲಿ ಕೂತು ಹೋದರು. ದಾರಿ ತೆರೆಯಿತು.

ಇನ್ನು ಅಗ್ಗದ ಡ್ರೋನ್ ಕೋಟ್ಯಂತರ ರೂಪಾಯಿಯ ಟ್ಯಾಂಕನ್ನು ಸುಡುತ್ತದಲ್ಲ ಎಂಬುದು. ಸುಡುತ್ತದೆ. 1973ರಲ್ಲಿ ಸಿನಾಯ್ ಮರುಭೂಮಿಯಲ್ಲಿ ಈಜಿಪ್ಟಿನ ಕ್ಷಿಪಣಿಗಳು ಇಸ್ರೇಲಿ ಟ್ಯಾಂಕುಗಳನ್ನು ಸುಟ್ಟಾಗಲೂ ಟ್ಯಾಂಕಿನ ಕಾಲ ಮುಗಿಯಿತು ಎಂದಿದ್ದರು. 1991ರ ಕೊಲ್ಲಿ ಯುದ್ಧದಲ್ಲಿ ಅದೇ ಟ್ಯಾಂಕ್ ಮುಂದೆ ನಿಂತಿತು. ಡ್ರೋನನ್ನು ಎಲ್ಲರಿಗಿಂತ ಚೆನ್ನಾಗಿ ಬಲ್ಲ ಉಕ್ರೇನೇ ಲೆಪರ್ಡ್, ಅಬ್ರಾಮ್ಸ್ ಟ್ಯಾಂಕುಗಳನ್ನು ಪಟ್ಟುಹಿಡಿದು ಕೇಳಿ ಪಡೆಯಿತು. ಕಾಲಾಳು, ವಾಯುರಕ್ಷಣೆ ಇಲ್ಲದೆ ಒಂಟಿಯಾಗಿ ಕಳಿಸಿದ ಟ್ಯಾಂಕ್ ಉರಿಯುತ್ತದೆ. ಅದು ಕಳಿಸಿದವರ ತಪ್ಪು.

ಹಾಗಾಗಿ ನಾವು ಕೇಳಬೇಕಾದದ್ದು ಬೇರೆ: ಪ್ರತಿ ಟ್ಯಾಂಕ್ ಪಡೆಗೂ ಡ್ರೋನ್ ಹೊಡೆದುರುಳಿಸುವ ಆಯುಧ, ಕೆಟ್ಟು ನಿಂತದ್ದನ್ನು ಎಳೆದು ತರುವ ರಿಕವರಿ ವಾಹನ. ಅಂಥ ವಾಹನಗಳನ್ನು ಕೆಜಿಎಫ್‌ನ ಬೆಮೆಲ್ ಕಾರ್ಖಾನೆ ತಯಾರಿಸಿಕೊಟ್ಟಿದೆ. ಅವಕ್ಕೆ ಹಣ ಕೊಡಿ ಎಂದು ಒತ್ತಾಯಿಸಿ. ಟ್ಯಾಂಕನ್ನೇ ಕೈಬಿಡಿ ಎನ್ನಬೇಡಿ.